ದಂಡಿನ ಚರಿತ್ರೆಯಲ್ಲಿ ನಮ್ಮವರ ಹೆಸರೆಲ್ಲಿ?



ಹಾಸ್ಟೆಲ್ಲಿನ ಟ್ಯೂಬ್‌ಲೈಟಿನ ಕೆಳಗೆ ಕೂತು ಎಫ್.ಡಿ.ಎ., ಕೆ.ಎ.ಎಸ್. ಗೈಡುಗಳನ್ನು ತಿರುವಿ ಹಾಕುವ ನಮಗೆಲ್ಲ ಬೆಂಗಳೂರಿನ ಚರಿತ್ರೆ ಅಂದರೆ ಏನು? ಒಂದು ಅಂಕದ ಪ್ರಶ್ನೆಗಳು. ಬೆಂಗಳೂರು ದಂಡು ಶುರುವಾದದ್ದು ಯಾವಾಗ? 1809. ಕಬ್ಬನ್ ಪಾರ್ಕಿನ ನಕ್ಷೆ ಹಾಕಿದವನು ಯಾರು? ರಿಚರ್ಡ್ ಸ್ಯಾಂಕಿ, 1870. ಬೌರಿಂಗ್ ಕಮಿಷನರ್ ಆಗಿದ್ದದ್ದು ಯಾವ ಇಸವಿಯಿಂದ ಯಾವ ಇಸವಿಯವರೆಗೆ? 1862ರಿಂದ 1870. ಬೀದಿಗೆ ವಿದ್ಯುತ್ ದೀಪ ಬಂದದ್ದು? 1905ರ ಆಗಸ್ಟ್ 5. ಇಷ್ಟು ಬಾಯಿಪಾಠ ಮಾಡಿದರೆ ಬೆಂಗಳೂರು ಮುಗೀತು. ಹಾಳೆ ಮಗುಚಿದರೆ ಹೊಯ್ಸಳರು.

ಇದಕ್ಕೆ ಉತ್ತರವಾಗಿ ನಮ್ಮ ಸಭೆಗಳಲ್ಲೂ ಒಂದು ಬಾಯಿಪಾಠ ಇದೆ. ಭಾಷಣಕಾರರು ಎದ್ದು ನಿಂತು, "ಈ ಊರು ಕಟ್ಟಿದವರು ಯಾರು?" ಅಂತ ಗುಡುಗುತ್ತಾರೆ. "ನಾವು!" ಅಂತ ನಾವು ಕೂಗುತ್ತೇವೆ. ಚಪ್ಪಾಳೆ ಬೀಳುತ್ತೆ. ಟೀ ಕುಡಿದು ಹಾಸ್ಟೆಲಿಗೆ ವಾಪಸ್ ಬರ್ತೀವಿ. ನಾವು ಅಂದರೆ ಯಾರು, ಯಾವ ಊರಿಂದ ಬಂದವರು, ಯಾವ ಕೇರಿಯಲ್ಲಿ ಸತ್ತವರು, ಇದನ್ನು ಹುಡುಕಿಕೊಂಡು ಹೋದವರು ಎಷ್ಟು ಜನ? ದೊರೆಗಳ ಪಟ್ಟಿ ಓದಿ ಪಾಸಾಗುವುದು ಒಂದು ಸೋಮಾರಿತನ. "ನಾವು ಕಟ್ಟಿದೆವು" ಅಂತ ಕೂಗಿ ಸುಮ್ಮನಾಗುವುದು ಇನ್ನೊಂದು ಸೋಮಾರಿತನ. ಈ ಬರಹ ಎರಡನೆಯದರ ಮೇಲೆ, ಯಾಕೆಂದರೆ ಮೊದಲನೆಯದನ್ನು ಬೈಯುವುದು ಸುಲಭ.

ಜಿಲ್ಲೆಗಳಿಂದ ಈಗಷ್ಟೇ ಬಂದ ತಮ್ಮಂದಿರಿಗಾಗಿ ಎರಡು ಮಾತು. ಬಸ್ಸಿನಲ್ಲಿ ಕಂಟೋನ್ಮೆಂಟ್ ಅಂತ ಕೂಗ್ತಾರಲ್ಲ, ಅದೇ ಹಳಬರ ಬಾಯಲ್ಲಿ ದಂಡು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿನ ಜ್ವರಕ್ಕೆ ಹೆದರಿ 1809ರಲ್ಲಿ ಹಲಸೂರಿನ ಕಡೆ ಬಂದು ಬೀಡುಬಿಟ್ಟಿತು. ಕೆಂಪೇಗೌಡರ ಹಳೆಯ ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ. 1881ರಲ್ಲಿ ಮೈಸೂರನ್ನು ಅರಸರಿಗೆ ಹಿಂದಕ್ಕೆ ಕೊಟ್ಟಾಗಲೂ ದಂಡನ್ನು ಮಾತ್ರ ಇಂಗ್ಲಿಷರು ಕೈಬಿಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರಿಟ್ಟು 1947ರ ಜುಲೈ 26ರವರೆಗೂ ಇಟ್ಟುಕೊಂಡರು. ಎರಡೂ ಊರು ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಅಂದರೆ ನಾವು ಈಗ ಓಡಾಡುವುದು ಒಂದು ಊರಿನಲ್ಲಲ್ಲ, ಹೊಲಿಗೆ ಹಾಕಿದ ಎರಡು ಊರುಗಳಲ್ಲಿ. ಆ ಹೊಲಿಗೆಯ ಗುರುತು ಇನ್ನೂ ಹೋಗಿಲ್ಲ.

ಸೈನ್ಯ ಒಂಟಿಯಾಗಿ ಬರೋದಿಲ್ಲ. ಅದು ಮದ್ರಾಸಿನ ಸೈನ್ಯ. ಅದರ ಹಿಂದೆ ಉತ್ತರ ಆರ್ಕಾಟು ಮೊದಲಾದ ತಮಿಳು, ತೆಲುಗು ಸೀಮೆಗಳಿಂದ ಇನ್ನೊಂದು ಸೈನ್ಯ ನಡೆದುಕೊಂಡು ಬಂತು. ಅಡಿಗೆಯವರು, ಡೋಲಿ ಹೊರುವವರು, ಕುದುರೆ ಮಾಲಿಶ್ ಮಾಡುವ ಸೈಸುಗಳು, ಹುಲ್ಲು ಕೊಯ್ಯುವ ಹೆಂಗಸರು, ಬೂಟು ಹೊಲಿಯುವವರು, ಬಟ್ಟೆ ಒಗೆಯುವವರು, ನೀರು ಹೊರುವವರು, ಕಕ್ಕಸು ತೊಳೆಯುವವರು. ಇಂಗ್ಲಿಷರ ಕಾಗದಪತ್ರದಲ್ಲಿ ಇವರಿಗೆಲ್ಲ ಸೇರಿ ಒಂದೇ ಹೆಸರು: ಕ್ಯಾಂಪ್ ಫಾಲೋಯರ್ಸ್. ಹಿಂಬಾಲಕರು. ಯಾರನ್ನು ಯಾರು ಹಿಂಬಾಲಿಸಿದರು? ಇವರು ಒಂದು ದಿನ ಕೈಕಟ್ಟಿ ಕೂತಿದ್ದರೆ ದೊರೆಯ ಕುದುರೆಗೆ ಹುಲ್ಲಿಲ್ಲ, ದೊರೆಯ ಹೊಟ್ಟೆಗೆ ಸೂಪಿಲ್ಲ.

ಈ ದಂಡಿಗೆ 1896ರಲ್ಲಿ ಬಂದ ಒಬ್ಬ ಇಪ್ಪತ್ತೊಂದು ವರ್ಷದ ಲೆಫ್ಟಿನೆಂಟು ಎಲ್ಲರಿಗೂ ಗೊತ್ತು. ವಿನ್‌ಸ್ಟನ್ ಚರ್ಚಿಲ್. ಆಮೇಲೆ ಇಂಗ್ಲೆಂಡಿನ ಪ್ರಧಾನಿಯಾದ. ಅವನು ಇಲ್ಲಿನ ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿಕೊಂಡು ಹೋದ. 1899ರ ಲೆಡ್ಜರಿನ ಆ ಪುಟವನ್ನು ಬೆಂಗಳೂರು ಕ್ಲಬ್ಬಿನವರು ದೇವರ ಪಟದ ಹಾಗೆ ಜೋಪಾನ ಮಾಡಿದ್ದಾರೆ. ಪತ್ರಿಕೆಗಳು ವರ್ಷಕ್ಕೊಮ್ಮೆಯಾದರೂ ಆ ಕತೆಯನ್ನು ಬರೆದು ಪುಳಕಗೊಳ್ಳುತ್ತವೆ. ಚರ್ಚಿಲ್ಲನೇ 1930ರಲ್ಲಿ ತನ್ನ ಬಾಲ್ಯ ಯೌವನದ ಪುಸ್ತಕ ಬರೆದಾಗ ಬೆಂಗಳೂರಿನ ಬಂಗಲೆ, ಗುಲಾಬಿ ತೋಟ, ಪೋಲೋ ಆಟ, ಬಟ್ಲರು, ಬಟ್ಟೆ ತೊಡಿಸುವ ಹುಡುಗ, ಕುದುರೆಗಳಿಗೆ ಸೈಸುಗಳು ಎಲ್ಲವನ್ನೂ ನೆನೆಸಿಕೊಂಡ. ಆ ಬಟ್ಲರು ಯಾರು? ಯಾವ ಕೇರಿಯವನು? ಗುಲಾಬಿ ಗಿಡದ ಲೆಕ್ಕ ಸಿಗುತ್ತೆ, ಹದಿಮೂರು ರೂಪಾಯಿಯ ಲೆಕ್ಕ ಸಿಗುತ್ತೆ. ಸಾಲ ತೀರಿಸದವನ ಹೆಸರು ನೂರಿಪ್ಪತ್ತು ವರ್ಷ ಬಾಳಿತು. ಅವನ ಬೂಟು ಒರೆಸಿದವನ ಹೆಸರು ಅವನ ಮೊಮ್ಮಕ್ಕಳಿಗೂ ಉಳಿದಿದೆಯೋ ಇಲ್ಲವೋ.

ಇಲ್ಲೊಂದು ವಿಷಯ ನಿಂತು ಯೋಚಿಸಬೇಕು. ದೊರೆಗಳ ಅಡಿಗೆಮನೆಗೆ ನಮ್ಮ ಜನ ಹೇಗೆ ಹೋದರು? ಪೇಟೆಯಲ್ಲಿ ಅಡಿಗೆಮನೆ ಅಂದರೆ ನಮ್ಮ ನೆರಳೂ ಬೀಳಬಾರದ ಜಾಗ. ಆದರೆ ದೊರೆಗೆ ದನದ ಮಾಂಸ ಬೇಯಿಸಬೇಕು, ಹಂದಿ ಮಾಂಸ ಬೇಯಿಸಬೇಕು, ಎಂಜಲು ತಟ್ಟೆ ಎತ್ತಬೇಕು, ಚರ್ಮದ ಬೂಟು ಕಳಚಬೇಕು. ಮೇಲುಜಾತಿಯವರು ಯಾರೂ ಒಪ್ಪಲಿಲ್ಲ. ಹೀಗಾಗಿ ಮದ್ರಾಸ್ ಸೀಮೆಯಲ್ಲೆಲ್ಲ ಇಂಗ್ಲಿಷರ ಮನೆಗಳ ಅಡಿಗೆಯವರು, ಬಟ್ಲರುಗಳು, ಆಯಾಗಳಲ್ಲಿ ಬಹಳ ಜನ ಪರೆಯರು, ಮುಸಲ್ಮಾನರು, ನಮ್ಮಿಂದ ಕ್ರೈಸ್ತರಾದವರು. ಪೇಟೆ ಯಾವ ಕಾರಣಕ್ಕೆ ನಮ್ಮನ್ನು ಹೊರಗಿಟ್ಟಿತೋ ದಂಡು ಅದೇ ಕಾರಣಕ್ಕೆ ನಮ್ಮನ್ನು ಒಳಗೆ ಕರೀತು. ಮುಟ್ಟಬಾರದವರು ಅನ್ನೋದೇ ಒಂದು ಸರ್ಟಿಫಿಕೇಟು ಆಯ್ತು.

ಇದನ್ನು ಹಿಡಿದು ನಮ್ಮಲ್ಲೇ ಕೆಲವರು, "ಇಂಗ್ಲಿಷರು ಬಂದಿದ್ದಕ್ಕೇ ನಮಗೆ ಬಿಡುಗಡೆ ಆಯ್ತು" ಅಂತ ಸಲೀಸಾಗಿ ಹೇಳ್ತಾರೆ. ನಾವು ಅಷ್ಟು ಸಲೀಸಾಗಿ ಒಪ್ಪೋದಿಲ್ಲ. ದಂಡಿನ ಬೀದಿಯಲ್ಲಿ ನಮ್ಮವನು ಕೋಟು ಹಾಕಿಕೊಂಡು ನಡೆಯಬಹುದಿತ್ತು, ಕಾಸು ಕೊಟ್ಟರೆ ಅಂಗಡಿಯಲ್ಲಿ ಸಾಮಾನು ಸಿಗುತ್ತಿತ್ತು, ಸಂಬಳ ಕಾಳಿನಲ್ಲಲ್ಲ, ನಾಣ್ಯದಲ್ಲಿ ಬರುತ್ತಿತ್ತು. ಇದು ಸಣ್ಣ ಮಾತಲ್ಲ. ಹಳ್ಳಿಯ ಗೌಡನ ಜೀತದ ಲೆಕ್ಕ ಗೊತ್ತಿರುವ ನಮಗೆ ಇದರ ಬೆಲೆ ಗೊತ್ತು. ಆದರೆ ದೊರೆ ಇದನ್ನು ಪ್ರೀತಿಯಿಂದ ಕೊಡಲಿಲ್ಲ, ಗರಜಿಗೆ ಕೊಟ್ಟ. ಬಂಗಲೆಯ ಹಿಂದಿನ ಸಾಲುಮನೆಯಲ್ಲಿಟ್ಟ, ಮುಂಬಾಗಿಲು ತೋರಿಸಲಿಲ್ಲ. ಪೇಟೆ ನಮ್ಮನ್ನು ಜಾತಿಯಿಂದ ಕೂಗಿತು, ದಂಡು ಕೆಲಸದಿಂದ ಕೂಗಿತು. ಬಾಯ್, ಬಟ್ಲರ್, ಆಯಾ, ಸೈಸ್, ಕೂಲಿ. ಮದ್ರಾಸ್ ಸೀಮೆಯ ಆಳುಗಳನ್ನೆಲ್ಲ ರಾಮಸಾಮಿ ಅಂತ ಒಂದೇ ಹೆಸರಿನಿಂದ ಕರೆದು ನಗೋದು ದೊರೆಗಳ ಅಭ್ಯಾಸ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದವರು ಎರಡೂ ಕಡೆ ಕಡಿಮೆ.

ನಮ್ಮ ಗುಂಪಿನ ಒಬ್ಬ ಗೆಳೆಯನ ಮುತ್ತಾತ ದಂಡಿನ ಬಂಗಲೆಯೊಂದರಲ್ಲಿ ಅಡಿಗೆಯವನಾಗಿದ್ದನಂತೆ. ಮನೆಯಲ್ಲಿ ಎಲ್ಲರೂ ಅವನನ್ನು "ಬಾಯ್ ತಾತ" ಅಂತಾರೆ. ಹೆಸರು ಏನು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಎಂಬತ್ತು ದಾಟಿದ ಒಬ್ಬ ಅತ್ತೆಯನ್ನು ಮೂರು ಸಾರಿ ಹೋಗಿ ಮಾತಾಡಿಸಿದ ಮೇಲೆ ತಗಡಿನ ಡಬ್ಬಿಯೊಂದು ಹೊರಗೆ ಬಂತು. ಅದರಲ್ಲಿ ದೊರೆಗಳು ಕೊಟ್ಟ ಚೀಟಿಗಳು. ಈ ಚೀಟಿ ಹಿಡಿದುಕೊಂಡೇ ಮುಂದಿನ ಬಂಗಲೆಯಲ್ಲಿ ಕೆಲಸ ಕೇಳಬೇಕಿತ್ತು. ಪ್ರಾಮಾಣಿಕ, ಕುಡಿಯುವುದಿಲ್ಲ, ಪುಡ್ಡಿಂಗ್ ಚೆನ್ನಾಗಿ ಮಾಡುತ್ತಾನೆ ಅಂತ ಮೂರು ದೊರೆಗಳು ಬರೆದಿದ್ದಾರೆ. ಮೂರು ಚೀಟಿಯಲ್ಲೂ ಹೆಸರು ಮೂರು ಥರ. ಒಂದರಲ್ಲಂತೂ ಹೆಸರೇ ಇಲ್ಲ, "ಈ ಚೀಟಿ ತಂದವನು" ಅಂತ ಇದೆ. ಮಗನ ಹೆಸರು ಹಿಡಿದು, ಮದುವೆಯ ಕಾಗದ ಹಿಡಿದು, ಕೊನೆಗೆ ಹೆಸರು ಸಿಕ್ಕಿತು. ಅದನ್ನು ಇಲ್ಲಿ ಬರೆಯುವ ಹಕ್ಕು ಆ ಮನೆಯವರದು, ನಮ್ಮದಲ್ಲ. ಹೆಸರು ಸಿಕ್ಕ ದಿನ ಆ ಅತ್ತೆ, "ಇದನ್ನ ಕೇಳೋಕೆ ಇಷ್ಟು ವರ್ಷ ಯಾರೂ ಬರಲಿಲ್ವಲ್ಲಪ್ಪ" ಅಂದರು.

ಅಡಿಗೆಮನೆ ಬಿಟ್ಟು ಬಂದೂಕಿನ ಕಡೆ ನೋಡಿ. ಮದ್ರಾಸ್ ಸ್ಯಾಪರ್ಸ್ ಪಡೆ ಇವತ್ತಿಗೂ ಹಲಸೂರಿನ ಹತ್ತಿರವೇ ಇದೆ. ಸೇತುವೆ ಕಟ್ಟುವುದು, ಸುರಂಗ ತೋಡುವುದು, ದಾರಿ ಮಾಡುವುದು ಈ ಪಡೆಯ ಕೆಲಸ. ಹತ್ತೊಂಬತ್ತನೆಯ ಶತಮಾನದಲ್ಲಿ ಇದರಲ್ಲಿ ಪರೆಯರು ದೊಡ್ಡ ಸಂಖ್ಯೆಯಲ್ಲಿದ್ದರು. ಗುದ್ದಲಿ ಹಿಡಿಯಲು ಜಾತಿ ಅಡ್ಡ ಬಾರದವರು ಬೇಕಿತ್ತು, ಬೆಂಕಿಗೆ ಹೆದರದವರು ಬೇಕಿತ್ತು. ಶತಮಾನದ ಕೊನೆಗೆ ಇಂಗ್ಲಿಷರಿಗೆ ವೀರ ಜನಾಂಗ ಅನ್ನೋ ಹುಚ್ಚು ಹಿಡಿಯಿತು. ಕೆಲವು ಜಾತಿಗಳು ಹುಟ್ಟಿನಿಂದಲೇ ವೀರರು, ಕೆಲವರು ಅಲ್ಲ! ಮನುಧರ್ಮಕ್ಕೆ ಯೂನಿಫಾರಂ ತೊಡಿಸಿದ ಹಾಗೆ. 1890ರ ದಶಕದಲ್ಲಿ ಬೊಂಬಾಯಿ ಸೈನ್ಯದಲ್ಲಿ ಮಹಾರರ ಭರ್ತಿ ನಿಂತಿತು. ಮದ್ರಾಸಿನವರ ಪಾಲೂ ಕುಗ್ಗಿತು. ಬಾಬಾಸಾಹೇಬರು 1891ರ ಏಪ್ರಿಲ್ 14ರಂದು ಹುಟ್ಟಿದ್ದು ಇಂಥದೇ ಒಂದು ದಂಡಿನಲ್ಲಿ, ಮಹೂ ಎಂಬಲ್ಲಿ. ತಂದೆ ರಾಮಜಿ ಸುಬೇದಾರರು, ಸೈನ್ಯದ ಶಾಲೆಯ ಮೇಷ್ಟರು. ಸೈನಿಕರ ಮನೆಗಳಿಗೆ ಅಕ್ಷರ ಹೊಕ್ಕಿದ್ದು ಆ ಶಾಲೆಗಳಿಂದ. ಭರ್ತಿ ನಿಂತಾಗ ಹೋದದ್ದು ಸಂಬಳ ಒಂದೇ ಅಲ್ಲ ಅನ್ನೋದನ್ನು ಇದರಿಂದಲೇ ಲೆಕ್ಕ ಹಾಕಿ.

ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಕೂಡುವ ಕಡೆ ಒಂದು ಕಲ್ಲಿನ ಕಂಬ ಇದೆ. ಸಿನಿಮಾ, ಷೂ ಅಂಗಡಿ ಅಂತ ಸುತ್ತುವಾಗ ಎಲ್ಲರೂ ಅದನ್ನು ದಾಟಿದ್ದೀವಿ. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾ, ಮೆಸೊಪೊಟೇಮಿಯಾಗಳಲ್ಲಿ ಸತ್ತ ಪಯೋನಿಯರ್ ಪಡೆಯವರ ನೆನಪಿನ ಕಂಬ ಅದು. ಮದ್ರಾಸಿನ ಪಯೋನಿಯರ್ ಪಡೆಗಳಲ್ಲೂ ತಮಿಳರು, ಪರೆಯರು, ಕ್ರೈಸ್ತರು. ಪಯೋನಿಯರ್ ಪಡೆಗಳನ್ನೇ 1932-33ರ ಹೊತ್ತಿಗೆ ಇಂಗ್ಲಿಷರು ವಿಸರ್ಜಿಸಿದರು. ಮುಂದಿನ ಸಾರಿ ಆ ಕಡೆ ಹೋದಾಗ ಒಂದು ನಿಮಿಷ ನಿಂತು ಆ ಕಲ್ಲನ್ನು ಓದಿ.

ಈಗ ಕೆರೆ, ರೈಲು, ರಸ್ತೆಗಳ ಮಾತು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಬಂದದ್ದು 1864ರಲ್ಲಿ. ಮೈಸೂರಿಗೆ ರೈಲು ಮುಟ್ಟಿದ್ದು 1882ರಲ್ಲಿ. ನಡುವೆ ಏನಾಯ್ತು? 1876ರಿಂದ 1878ರ ಬರ, ನಮ್ಮಜ್ಜಿಯರ ಬಾಯಲ್ಲಿ ಧಾತು ವರ್ಷದ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕು, ಇಲ್ಲಿ ಎಂಟು ಲಕ್ಷ ಕಮ್ಮಿ! ಹಸಿದವರು ಬೆಂಗಳೂರಿನ ಗಂಜಿಕೇಂದ್ರಗಳ ಕಡೆ ನಡೆದುಬಂದರು. ದಾರಿಯಲ್ಲೇ ಬಿದ್ದವರೆಷ್ಟೋ. ಬದುಕಿದವರನ್ನು ಮಣ್ಣು ಕೆಲಸಕ್ಕೆ ಹಚ್ಚಿದರು. ಮೈಸೂರು ರೈಲಿನ ಏರಿ ಎದ್ದದ್ದು ಇಂಥ ಬರಗಾಲದ ಕೂಲಿಯಿಂದ. ಅದೇ ಹೊತ್ತಿಗೆ ಪಕ್ಕದ ಮದ್ರಾಸ್ ಪ್ರಾಂತ್ಯಕ್ಕೆ ಬಂದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಒಂದು ಲೆಕ್ಕ ಹಾಕಿದ. ದಿನವೆಲ್ಲ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ, ಅಂದರೆ ಅರ್ಧ ಕಿಲೋಗಿಂತ ಕಡಿಮೆ, ಮೇಲೆ ಪುಡಿಗಾಸು ಸಾಕು ಅಂತ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಎಂಬ ಇಂಗ್ಲಿಷ್ ಡಾಕ್ಟರೇ ಇದು ಸಾಯಿಸುವ ಲೆಕ್ಕ ಅಂತ ಜಗಳಕ್ಕೆ ನಿಂತ. ಅಂದರೆ ದೊರೆಗಳಲ್ಲೂ ಎರಡು ಥರ ಇದ್ದರು, ಅದನ್ನೂ ಹೇಳಬೇಕು. ಬರದಲ್ಲಿ ಮೊದಲು ಸಾಯುವುದು ಯಾರು? ಕಣಜ ಇಲ್ಲದವರು, ಭೂಮಿ ಇಲ್ಲದವರು. ಅವರು ಯಾವ ಕೇರಿಯವರು ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಪ್ಪತ್ತು ವರ್ಷಕ್ಕೆ ಪ್ಲೇಗು ಬಂತು, 1898ರಲ್ಲಿ. ಪೇಟೆಯಲ್ಲೂ ಸತ್ತರು, ದಂಡಿನಲ್ಲೂ ಸತ್ತರು. ಪ್ಲೇಗಿನಿಂದ ಬೆಂಗಳೂರಿಗೆ ಒಳ್ಳೆಯದಾಯಿತು ಅಂತ ಗೈಡುಗಳಲ್ಲಿ ಬರೀತಾರೆ: ಬಸವನಗುಡಿ, ಮಲ್ಲೇಶ್ವರ ಬಡಾವಣೆ ಬಂದವು, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಂತು. ಸರಿ. ಆ ಹೊಸ ಬಡಾವಣೆಗಳಲ್ಲಿ ಸೈಟುಗಳನ್ನು ಜಾತಿವಾರು ವಿಂಗಡಿಸಿ ಹಂಚಿದರು ಅನ್ನೋದನ್ನು ಗೈಡು ಬರೆಯಲ್ಲ. ಪ್ಲೇಗಿನ ಇಲಿ ಜಾತಿ ನೋಡಲಿಲ್ಲ, ಪ್ಲೇಗಿನ ಬಡಾವಣೆ ನೋಡಿತು. ದಂಡಿನ ಕಡೆ 1906ರಲ್ಲಿ ಫ್ರೇಸರ್ ಟೌನ್ ಎದ್ದಿತು. ಅದನ್ನು ಕಟ್ಟಿಸಿದ ಇಂಜಿನಿಯರ್ ಸ್ಟೀಫನ್ಸ್ ಪ್ಲೇಗು ತಾಗದ ಊರು ಕಟ್ಟುವುದು ಹೇಗೆ ಅಂತ 1914ರಲ್ಲಿ ಪುಸ್ತಕವನ್ನೇ ಬರೆದ. ಇಲಿ ನುಸುಳದ ಮನೆಯ ನಕ್ಷೆ ಅವನ ಹೆಸರಿನಲ್ಲಿದೆ. ಆದರೆ ಪ್ಲೇಗಿನ ಮನೆಗೆ ನುಗ್ಗಿ ಬಟ್ಟೆ ಸುಟ್ಟು, ಸುಣ್ಣ ಬಳಿದು, ಹೆಣ ಹೊತ್ತು ಹೂತವರು? ಎಲ್ಲರೂ ಊರು ಬಿಟ್ಟು ಓಡುವಾಗ ಊರೊಳಕ್ಕೆ ಹೋದವರು ಅವರು. ಕೋವಿಡ್ ಕಾಲದಲ್ಲಿ, 2020-21ರಲ್ಲಿ, ಹೆಣ ಹೊತ್ತವರ, ಬೀದಿ ಗುಡಿಸಿದವರ ಮುಖ ನೋಡಿದ್ದೀರಲ್ಲ. ಅವರ ಮುತ್ತಾತಂದಿರು ಅಂತ ತಿಳಿಯಿರಿ. ದಂಡಿನ ಗಲ್ಲಿಗಳಲ್ಲಿ ಪ್ಲೇಗು ಮಾರಿಯಮ್ಮನ ಗುಡಿಗಳು ಇನ್ನೂ ಇವೆ. ನಮ್ಮ ಜನ ಇಟ್ಟುಕೊಂಡ ಪ್ಲೇಗಿನ ದಾಖಲೆ ಅದೊಂದೇ.

ಬೀದಿದೀಪದ ಕತೆಗೆ ಬರೋಣ, 1905ರ ಆಗಸ್ಟ್ 5. ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಬೆಂಗಳೂರಿಗಲ್ಲ, 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ. ಇಂಗ್ಲಿಷ್ ಕಂಪನಿಯ ಗಣಿಗೆ ಕೊಟ್ಟು ಮಿಕ್ಕಿದ ಬೆಳಕಿನಲ್ಲಿ ಬೆಂಗಳೂರು ಬೆಳಗಿತು ಅಂತ ಹೇಳಿದರೆ ತಪ್ಪಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಕಬ್ಬನ್ ಪಾರ್ಕಿನಲ್ಲಿದೆ, ಇರಲಿ, ಆ ಯೋಜನೆಗೆ ದುಡಿದವರು ಅವರು. ಗಣಿಯ ಕತ್ತಲಿಗಿಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯ ನಮ್ಮ ಜನ. ಅವರ ಬಗ್ಗೆ ಒಂದು ಸಂಗತಿ ಹೇಳಲೇಬೇಕು, ಯಾಕೆಂದರೆ ನಮ್ಮ ಪತ್ರಿಕೆಗೆ ಅದು ತಾತನ ವಂಶಾವಳಿ.

ಮದ್ರಾಸಿನಲ್ಲಿ ಅಯೋತಿ ದಾಸ ಪಂಡಿತರು (1845-1914) ಅಂತ ಒಬ್ಬರಿದ್ದರು. ಸಿದ್ಧವೈದ್ಯರು. 1898ರಲ್ಲಿ ಬೌದ್ಧರಾಗಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಬಾಬಾಸಾಹೇಬರ ದೀಕ್ಷೆಗಿಂತ 58 ವರ್ಷ ಮೊದಲು! 1907ರಲ್ಲಿ ಒಂದು ವಾರಪತ್ರಿಕೆ ತಂದರು. ಹೆಸರು "ಒರು ಪೈಸಾ ತಮಿಳನ್", ಅಂದರೆ ಒಂದು ಪೈಸೆಯ ತಮಿಳ. ಅವರ ಸಂಘಕ್ಕೆ ಬೆಂಗಳೂರಿನಲ್ಲಿ ಶಾಖೆ ಇತ್ತು, ಗಣಿಯ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ಗಣಿಯಿಂದ ಮೇಲೆ ಬಂದ ಕೂಲಿಗಳು ಪೈಸೆ ಪೈಸೆ ಕೂಡಿಸಿ ಸಂಘ ನಡೆಸಿದರು. ಪಂಡಿತರು ಸತ್ತು ಹನ್ನೆರಡು ವರ್ಷ ಕಳೆದ ಮೇಲೆ ಆ ಪತ್ರಿಕೆಯನ್ನು ಮತ್ತೆ ಎಬ್ಬಿಸಿದ್ದು ಕೋಲಾರ ಗಣಿಯಲ್ಲೇ, ಪಂಡಿತ್ ಅಪ್ಪಾದುರೈ ಅವರ ಕೈಯಲ್ಲಿ. ಕಂಪನಿಯ ಪುಸ್ತಕದಲ್ಲಿ ಬರೀ ಕೂಲಿ ಅಂತ ಇದ್ದವರು ಬುದ್ಧನ ಬಗ್ಗೆ, ಜಾತಿಯ ಹುಟ್ಟಿನ ಬಗ್ಗೆ ವಾರವಾರ ಓದಿಸಿ ಕೇಳುತ್ತಿದ್ದರು. ಸಭೆಯ ಬಾಗಿಲಲ್ಲಿ ನಿಂತು ಮಸಿ ಮೆತ್ತಿದ ಕೈಯಲ್ಲಿ ಈ ಹಾಳೆ ಮಾರುವ ನಮಗೆ ಇಂಥ ಹಿರಿಯರು ಇದ್ದರು ಅಂತ ನಮ್ಮ ಯಾವ ಪಠ್ಯಪುಸ್ತಕ ಹೇಳಿತು?

ಇಷ್ಟು ಹೇಳಿದಾಗ ನಮ್ಮ ರೂಮಿನಲ್ಲೇ ಒಬ್ಬ ಗೆಳೆಯ ಎದ್ದು, "ಅವರೆಲ್ಲ ತಮಿಳರು ಕಣ್ರೋ, ನಮಗೇನು?" ಅಂದ. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಕನ್ನಡ ನಮ್ಮ ಉಸಿರು, ಈ ಪತ್ರಿಕೆಯ ಭಾಷೆ. ಆದರೆ ಭಾಷೆಯ ಬೇಲಿ ಹಾಕಿದವರು ಯಾರಿಗೆ ಹಾಕುತ್ತಾರೆ ಅಂತ ಗಮನಿಸಿ. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಾದಾಗ ಬೆಂಗಳೂರಿನಲ್ಲಿ ಪೆಟ್ಟು ತಿಂದವರಲ್ಲಿ ಕೂಲಿ ಮಾಡುವ, ಗುಡಿಸಲುಗಳಲ್ಲಿರುವ ತಮಿಳರು ಎಷ್ಟು ಜನ! ಹೊಲೆಯನಿಗೂ ಪರೆಯನಿಗೂ ಇರುವ ವ್ಯತ್ಯಾಸ ಏನು? ನಮ್ಮ ಕೈಯಲ್ಲಿ ತಮಟೆ, ಅವರ ಕೈಯಲ್ಲಿ ಪರೈ. ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ತೆಲುಗು ಮಾತಾಡುವ ಮಾದಿಗರು ಬಹಳ. ಅವರ ಪೊರಕೆ ಯಾವ ಭಾಷೆಯಲ್ಲಿ ಗುಡಿಸುತ್ತೆ? ದಂಡಿನ ಕೇರಿಗಳನ್ನು ತಮಿಳರದು ಅಂತ ಬಿಟ್ಟುಕೊಟ್ಟರೆ ಬೆಂಗಳೂರಿನ ಚರಿತ್ರೆಯಲ್ಲಿ ನಮಗೆ ಉಳಿಯುವುದು ಕೆಂಪೇಗೌಡರ ಕಾಲಿನಿಂದ ಕಬ್ಬನ್ ದೊರೆಯ ಕಾಲಿಗೆ ನಮಸ್ಕಾರ ಮಾಡುವುದು ಮಾತ್ರ.

ಮಲ ಹೊರುವವರ ಮಾತು ಬಿಟ್ಟು ಈ ಊರಿನ ಚರಿತ್ರೆ ಬರೆಯೋಕಾಗಲ್ಲ. ಒಳಚರಂಡಿ ಬರುವ ಮುಂಚೆ ದಂಡಾಗಲಿ ಪೇಟೆಯಾಗಲಿ ಬೆಳಗಾಗುವುದು ಜಾಡಮಾಲಿಯ ಬಕೆಟ್ಟಿನಿಂದ. ಮುನಿಸಿಪಾಲಿಟಿಯ ವರದಿಗಳು ಗಾಡಿ ಎಷ್ಟು, ಎತ್ತು ಎಷ್ಟು, ಆಳು ಎಷ್ಟು ಅಂತ ಒಂದೇ ಸಾಲಿನಲ್ಲಿ ಎಣಿಸುತ್ತವೆ. ಈ ಹೊರೆಯನ್ನು ತಲೆಯಿಂದ ಇಳಿಸಬೇಕು ಅಂತ ಸರಕಾರದ ಕುರ್ಚಿಯಲ್ಲಿ ಕೂತು ಆಜ್ಞೆ ಮಾಡಿದವರು ಬಿ. ಬಸವಲಿಂಗಪ್ಪನವರು, ದೇವರಾಜ ಅರಸರ ಮಂತ್ರಿಮಂಡಲದಲ್ಲಿ. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದದ್ದಕ್ಕೆ ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು, ಅವರ ಮಂತ್ರಿಗಿರಿ ಹೋಯಿತು. ಕಕ್ಕಸಿನ ಬಕೆಟ್ಟು ಇಳಿಸಿದ್ದಕ್ಕೆ ಯಾರೂ ಹಾರ ಹಾಕಲಿಲ್ಲ. ದೇಶದ ಕಾನೂನು ಬಂದದ್ದು 1993ರಲ್ಲಿ. ಆಮೇಲೂ ಗಣಿ ಊರಿನಲ್ಲಿ ಒಣ ಕಕ್ಕಸುಗಳಿದ್ದವು. ಅವನ್ನು ಒಡೆಸಲು ಹೋರಾಡಿದ ಬೆಜವಾಡ ವಿಲ್ಸನ್ ಆ ಗಣಿ ಊರಿನ ಜಾಡಮಾಲಿ ಮನೆಯಲ್ಲೇ ಹುಟ್ಟಿದವರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಕರ್ನಾಟಕದವರು ನಮ್ಮವರು ಅಂತ ಹೆಮ್ಮೆಪಟ್ಟರು. ಅವರ ಅಪ್ಪ ಬಕೆಟ್ಟು ಹೊತ್ತಾಗ ಯಾರ ಅಪ್ಪನಾಗಿದ್ದರು?

ಬೂಸಾ ಅನ್ನೋ ಮಾತು ಊರಿನ ಚರಿತ್ರೆಗೂ ಸಲ್ಲುತ್ತೆ. ಹೆಸರುಗಳ ವಿಷಯವನ್ನೇ ನೋಡಿ. ಶಿವಾಜಿನಗರಕ್ಕೆ ಮೊದಲು ಬ್ಲ್ಯಾಕ್‌ಪಲ್ಲಿ ಅಂತ ಹೆಸರು. ಅದು ಬಿಳಿ ಅಕ್ಕಿ ಹಳ್ಳಿಯಿಂದ ಬಂತು ಅಂತ ಒಬ್ಬರು, ದಂಡಿನ ನಕ್ಷೆ ಹಾಕಿದ ಬ್ಲೇಕಿಸ್ಟನ್ ದೊರೆಯಿಂದ ಬಂತು ಅಂತ ಇನ್ನೊಬ್ಬರು. ಪಂಡಿತರು ಜಗಳವಾಡಲಿ. ಅಶೋಕನಗರದ ಕಡೆ ಶೂಲೆ ಅಂತ ಒಂದು ಜಾಗ. ಹೆಸರು ಕೇಳಿದ ಕೂಡಲೇ ನಮ್ಮ ಕನ್ನಡದ ಕಿವಿಗೆ ಒಂದೇ ಅರ್ಥ, ಹಲ್ಲು ಕಿರಿಯುತ್ತಾರೆ, ಸಿಪಾಯಿಗಳು ಇದ್ದ ಕಡೆ ಇನ್ನೇನಿರುತ್ತೆ ಅಂತ. ಆದರೆ ತಮಿಳಿನಲ್ಲಿ ಸೂಳೈ ಅಂದರೆ ಇಟ್ಟಿಗೆ ಸುಡುವ ಗೂಡು. ಮದ್ರಾಸಿನಲ್ಲೂ ಆ ಹೆಸರಿನ ಬಡಾವಣೆ ಇದೆ. ಮಣ್ಣು ತುಳಿದು, ಇಟ್ಟಿಗೆ ಸುಟ್ಟು ಬಂಗಲೆ ಕಟ್ಟಿದವರ ಜಾಗ ಅದಾಗಿದ್ದರೆ, ಆ ಹೆಂಗಸರಿಗೆ ನೂರು ವರ್ಷ ನಾವು ಅಂಟಿಸಿದ್ದು ಏನು? ಇನ್ನು ಹಲಸೂರಿನ ಪಕ್ಕದ ಮರ್ಫಿ ಟೌನ್. ಹಿಂದೆ ನಾಕ್ಸ್‌ಪೇಟೆ. ದುಡಿಯುವ ಜನಕ್ಕಾಗಿ ಕಟ್ಟಿದ ಸಾಲುಮನೆಗಳು, ಬಹಳಷ್ಟು ನಮ್ಮವರದೇ ಮನೆಗಳು. ಹೆಸರು ಮಾತ್ರ ಮೊದಲು ನಾಕ್ಸನದು, ಆಮೇಲೆ ಮರ್ಫಿ ಎಂಬ ಇಂಜಿನಿಯರನದು.

ಸ್ವಾತಂತ್ರ್ಯ ಬಂದ ಮೇಲೆ ಹೆಸರು ಬದಲಾಯಿಸುವ ಉತ್ಸಾಹ ಬಂತು. ಸೌತ್ ಪರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಫ್ರೇಸರ್ ಟೌನ್ 1988ರಲ್ಲಿ ಪುಲಕೇಶಿನಗರ. ವಿಧಾನಸೌಧದ ಮುಂದಿನದು ಡಾ. ಅಂಬೇಡ್ಕರ್ ವೀಧಿ, ಅದಕ್ಕಾಗಿ ನಾವು ತಲೆಬಾಗುತ್ತೇವೆ. ಆದರೆ ದೊರೆ ಇಳಿದು ರಾಜ ಏರಿದ್ದನ್ನೆಲ್ಲ ಬಿಡುಗಡೆ ಅಂತ ನಮ್ಮ ಕೈಯಲ್ಲಿ ಹೇಳಿಸಬೇಡಿ. ಇಂಗ್ಲಿಷ್ ಹೆಸರು ಅಳಿಸಬೇಕೋ ಬೇಡವೋ ಅಂತ ಪೇಪರುಗಳಲ್ಲಿ ಹಿರಿಯರು ಜಗಳವಾಡುವಾಗ ನಮಗೆ ಎರಡೂ ಕಡೆ ಸೇರುವ ಆಸೆ ಇಲ್ಲ. ನಮ್ಮ ಕೈಯಲ್ಲಿ ಬೋರ್ಡಿಗೆ ಬರೆಯಲು ಒಂದು ಹೆಸರಾದರೂ ಇರಬೇಕಲ್ಲ, ಮೊದಲು ಅದನ್ನು ಹುಡುಕೋಣ ಅನ್ನುತ್ತೇವೆ.

ಎಲ್ಲಿ ಸಿಗುತ್ತೆ? ಸಿಗುತ್ತೆ. ನಮ್ಮವರು ದಾಖಲೆಯಲ್ಲೇ ಇಲ್ಲ ಅನ್ನೋದು ಅರ್ಧ ಸುಳ್ಳು. ದಂಡಿನ ಹಳೆಯ ಚರ್ಚುಗಳಲ್ಲಿ ಜ್ಞಾನಸ್ನಾನದ, ಮದುವೆಯ, ಮಣ್ಣು ಮಾಡಿದವರ ರಿಜಿಸ್ಟರುಗಳಿವೆ. ಹೆಸರು, ಅಪ್ಪನ ಹೆಸರು, ಕೆಲಸ ಬರೆದಿಡುತ್ತಿದ್ದರು. ಹೊಸೂರು ರಸ್ತೆಯ ಸ್ಮಶಾನಕ್ಕೆ ಇಂಗ್ಲೆಂಡಿನಿಂದ ಮೊಮ್ಮಕ್ಕಳು ಹುಡುಕಿಕೊಂಡು ಬರುತ್ತಾರೆ. ಕಲ್ಪಳ್ಳಿಗೆ ನಾವು ಹೋಗಬಾರದೇ? ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ರೆಸಿಡೆನ್ಸಿಯ ಕಾಗದಪತ್ರಗಳಿವೆ. ಎಂ.ಎ. ಇತಿಹಾಸ ಓದುವ ಅಕ್ಕ ಅಣ್ಣಂದಿರು ಸ್ಯಾಂಕಿಯ ಮೇಲೆ ಇನ್ನೊಂದು ಪ್ರಬಂಧ ಬರೆಯುವುದು ಬಿಟ್ಟು ಅಲ್ಲಿ ಒಂದು ತಿಂಗಳು ಕೂರಲಿ. ಮಿಕ್ಕವರಿಗೆ ಪತ್ರಾಗಾರ ಬೇಕಾಗಿಲ್ಲ. ಗನ್‌ಟ್ರೂಪ್, ನೀಲಸಂದ್ರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆ ಅಜ್ಜ ಅಜ್ಜಿಯರು ಜಗಲಿಯ ಮೇಲೆ ಕೂತಿದ್ದಾರೆ. ವರ್ಷಕ್ಕೆ ಕೆಲವರು ಕಡಿಮೆಯಾಗುತ್ತಿದ್ದಾರೆ. ತಗಡಿನ ಡಬ್ಬಿಗಳನ್ನು ಮನೆ ಕೆಡವುವಾಗ ಗುಜರಿಗೆ ಹಾಕುತ್ತಿದ್ದಾರೆ.

ಆದ್ದರಿಂದ ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ದಂಡಿನಲ್ಲಿ, ಗಣಿಯಲ್ಲಿ, ರೈಲಿನಲ್ಲಿ, ಮಿಲ್ಲಿನಲ್ಲಿ, ಮುನಿಸಿಪಾಲಿಟಿಯಲ್ಲಿ ದುಡಿದ ಹಿರಿಯರಿದ್ದರೆ ಬರೆದು ಕೊಡಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಚೀಟಿಯಲ್ಲಿರುವ ಹೆಸರು, ಯಾವ ಊರಿಂದ ಬಂದರು, ಯಾರ ಜೊತೆ ನಡೆದು ಬಂದರು, ಸಂಬಳ ಎಷ್ಟು, ಎಲ್ಲಿ ಮಣ್ಣಾದರು. ಹೆಂಗಸರ ಹೆಸರನ್ನು ಇಂಥವರ ಹೆಂಡತಿ ಅಂತ ಬರೆಯಬೇಡಿ, ಅವರ ಹೆಸರನ್ನೇ ಕೇಳಿ ಬರೆಯಿರಿ. ಚೀಟಿ ಸಿಕ್ಕರೆ ಕೊಡಬೇಡಿ, ಮನೆಯಲ್ಲೇ ಇರಲಿ, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಅಕ್ಷರ ದುಂಡಗಿರಬೇಕಾಗಿಲ್ಲ, ಹರಿದ ನೋಟ್‌ಬುಕ್ಕಿನ ಹಾಳೆಯಾದರೂ ಆದೀತು. ಮುಂದಿನ ಸಭೆಯಲ್ಲಿ ಬಾಗಿಲ ಹತ್ತಿರ ಈ ಪತ್ರಿಕೆ ಮಾರುತ್ತಿರುವವರ ಕೈಗೆ ಕೊಡಿ. ಮನೆಯವರು ಒಪ್ಪಿದ ಹೆಸರುಗಳನ್ನು ಸಂಚಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕುತ್ತೇವೆ, ಬಂದಷ್ಟು.